ದೊಡ್ಡ ಬಾಣಲೆ ಇಡುವ ಮುನ್ನ: ಹಲಸಿನ ಚಿಪ್ಸ್ ಮಾಡುವ ಕುಟುಂಬವೊಂದರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಮ್ಮದು ಸಾಗರ ತಾಲ್ಲೂಕಿನ ಒಂದು ಹಳ್ಳಿ. ಸುಮಾರು ಹದಿನೈದು ವರ್ಷಗಳ ಹಿಂದೆ ನನ್ನ ಅತ್ತೆಯವರು ಕೊಟ್ಟಿಗೆಯ ಪಕ್ಕದಲ್ಲಿ ಒಲೆ ಹಾಕಿಕೊಂಡು ಹಲಸಿನಕಾಯಿ ಚಿಪ್ಸ್ ಮತ್ತು ಹಪ್ಪಳ ಮಾಡಿ ಸಾಗರ ಪೇಟೆಯ ಅಂಗಡಿಗಳಿಗೆ ಕೊಡಲು ಆರಂಭಿಸಿದರು. ಈಗ ನನ್ನ ಯಜಮಾನರು, ಮೈದುನ, ನಾನು ಮತ್ತು ಊರಿನ ಆರು ಜನ ಹೆಂಗಸರು ಕೆಲಸ ಮಾಡುತ್ತೇವೆ. ಬಾಳೆಕಾಯಿ ಚಿಪ್ಸ್, ಚಕ್ಕುಲಿ, ಕೋಡುಬಳೆ ಎಲ್ಲವೂ ಸೇರಿ ತಿಂಗಳಿಗೆ ಸರಾಸರಿ 3 ಲಕ್ಷ ರೂಪಾಯಿ ವ್ಯಾಪಾರವಿದೆ. ಬೆಂಗಳೂರಿನ ಸೂಪರ್ ಮಾರ್ಕೆಟ್ ಸರಣಿಯೊಂದು ವರ್ಷವಿಡೀ ತಿಂಗಳಿಗೆ 6 ಲಕ್ಷ ರೂಪಾಯಿಯ ಮಾಲು, ಅದರಲ್ಲೂ ಹೆಚ್ಚಾಗಿ ಹಲಸಿನ ಚಿಪ್ಸ್, ಬೇಕೆಂದು ಕೇಳಿದೆ. ಹಣ 60 ದಿನಗಳ ನಂತರ. ತೋಟವನ್ನು ಅಡಮಾನವಿಟ್ಟು 35 ಲಕ್ಷ ಸಾಲ ತೆಗೆದು ದೊಡ್ಡ ಕರಿಯುವ ಯಂತ್ರ ಮತ್ತು ಶೆಡ್ ಹಾಕೋಣ ಎನ್ನುವುದು ಮೈದುನನ ಮಾತು. ಯಜಮಾನರಿಗೆ ಧೈರ್ಯವಿಲ್ಲ. ಕಳೆದ ಮಳೆಗಾಲದಲ್ಲಿ 200 ಪ್ಯಾಕೆಟ್ ಮೆತ್ತಗಾಗಿ ವಾಪಸ್ ಬಂದವು. ಸಂರಕ್ಷಕ ರಾಸಾಯನಿಕ ಹಾಕಿ ಎಂದು ಒಬ್ಬರು, ಪ್ರೈವೇಟ್ ಲಿಮಿಟೆಡ್ ಮಾಡದೆ ಬ್ಯಾಂಕ್ ಸಾಲ ಸಿಗದು ಎಂದು ಇನ್ನೊಬ್ಬರು ಹೇಳುತ್ತಾರೆ. "ಮೆಷಿನ್ ಬಂದರೆ ಕೈರುಚಿ ಹೋಯಿತು" ಎಂಬುದು ಅತ್ತೆಯವರ ಚಿಂತೆ. ಏನು ಮಾಡಬೇಕು?

ಉತ್ತರ: ನಿಮ್ಮ ಪತ್ರವನ್ನು ಎರಡು ಬಾರಿ ಓದಿದೆ. ಯಂತ್ರ ಕೊಳ್ಳಬೇಕೇ ಬೇಡವೇ ಎಂದು ನೀವು ಕೇಳಿದ್ದೀರಿ. ಆದರೆ ಪತ್ರದ ಒಳಗಿರುವ ಚಿಂತೆ ಬೇರೆ ಎಂದು ನನಗೆ ಅನ್ನಿಸುತ್ತದೆ: ಹದಿನೈದು ವರ್ಷ ಕೈಯಾರೆ ಬೆಳೆಸಿದ್ದು ಬಂದ ಅವಕಾಶವನ್ನು ಬಿಟ್ಟರೆ ಅಲ್ಲಿಯೇ ನಿಂತುಬಿಡುತ್ತದೆಯೋ, ಹಿಡಿದರೆ ತೋಟವನ್ನೂ ಸೇರಿಸಿಕೊಂಡು ಮುಳುಗುತ್ತದೆಯೋ ಎಂಬುದು. ಕಳೆದ ಎರಡು ದಶಕಗಳಲ್ಲಿ ಮಲೆನಾಡಿನ ಸಣ್ಣ ತಿಂಡಿ ಘಟಕಗಳಿಗೆ ಸಲಹೆ ನೀಡುತ್ತ ಬಂದಿರುವ ನಾನು ಈ ಎರಡೂ ಬಗೆಯ ಮನೆಗಳನ್ನು ನೋಡಿದ್ದೇನೆ. ಮುಳುಗಿದವರಲ್ಲಿ ಹೆಚ್ಚಿನವರಿಗೆ ಮಾಲು ಮಾರಾಟವಾಗದ ತೊಂದರೆ ಇರಲಿಲ್ಲ. ಮಾಲು ಚೆನ್ನಾಗಿಯೇ ಹೋಗುತ್ತಿತ್ತು, ಕೈಯಲ್ಲಿ ಹಣ ಇರುತ್ತಿರಲಿಲ್ಲ.

ಮೊದಲು ಮೆತ್ತಗಾದ 200 ಪ್ಯಾಕೆಟ್‌ಗಳ ವಿಷಯವನ್ನು ಇತ್ಯರ್ಥ ಮಾಡೋಣ. ಸಂರಕ್ಷಕ ಹಾಕಬೇಕೆಂಬ ಸಲಹೆ ತಪ್ಪು. ಸಂರಕ್ಷಕಗಳು ಕೆಲಸ ಮಾಡುವುದು ಬ್ಯಾಕ್ಟೀರಿಯಾ ಮತ್ತು ಬೂಷ್ಟಿನ ಮೇಲೆ. ಸರಿಯಾಗಿ ಕರಿದ ಚಿಪ್ಸ್‌ನಲ್ಲಿ ಉಳಿಯುವ ನೀರಿನಂಶ ಎಷ್ಟು ಕಡಿಮೆಯೆಂದರೆ ಅಲ್ಲಿ ಅವು ಬೆಳೆಯುವುದೇ ಇಲ್ಲ. ಚಿಪ್ಸ್ ಕೆಡುವುದಕ್ಕೆ ಎರಡು ದಾರಿಗಳಿವೆ. ಗಾಳಿಯಲ್ಲಿರುವ ತೇವವನ್ನು ಹೀರಿಕೊಂಡು ಮೆತ್ತಗಾಗುವುದು ಒಂದು. ಅದರಲ್ಲಿರುವ ಎಣ್ಣೆ ಗಾಳಿ ಮತ್ತು ಬೆಳಕಿಗೆ ಸಿಕ್ಕಿ ಕಮಟುವುದು ಇನ್ನೊಂದು. ಎರಡಕ್ಕೂ ಮದ್ದು ಇರುವುದು ಪೊಟ್ಟಣದಲ್ಲಿ ಮತ್ತು ಎಣ್ಣೆಯ ನಿರ್ವಹಣೆಯಲ್ಲಿ. ಜುಲೈ ತಿಂಗಳಿನಲ್ಲಿ ನಿಮ್ಮ ಊರಿನಲ್ಲಿ ಒಗೆದ ಬಟ್ಟೆ ವಾರವಾದರೂ ಒಣಗುವುದಿಲ್ಲ. ಅದೇ ಗಾಳಿಯಲ್ಲಿ ಒಂದು ತಟ್ಟೆ ಚಿಪ್ಸ್ ತೆರೆದಿಟ್ಟರೆ ಸಂಜೆಯೊಳಗೆ ಅದು ಮುರಿಯುವ ಬದಲು ಬಾಗುತ್ತದೆ.

ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಒಂದು ಬಕೆಟ್ ನೀರಿನಲ್ಲಿ ನೀವು ಸೀಲ್ ಮಾಡಿದ ಪ್ಯಾಕೆಟ್ಟನ್ನು ಮುಳುಗಿಸಿ, ಎರಡೂ ಅಂಗೈಯಿಂದ ಮೆಲ್ಲಗೆ ಒತ್ತಿ. ಸೀಲಿನ ಮೂಲೆಯಿಂದ ಸಾಸಿವೆಯಷ್ಟು ಸಣ್ಣ ಗುಳ್ಳೆಗಳು ಸಾಲಾಗಿ ಮೇಲೆ ಬಂದರೆ ನಿಮ್ಮ ನಷ್ಟದ ಕಾರಣ ಅಲ್ಲಿಯೇ ಇದೆ. ನಾನು ನೋಡಿರುವ ಮನೆಘಟಕಗಳಲ್ಲಿ ಹತ್ತು ಪ್ಯಾಕೆಟ್ ಒತ್ತಿದರೆ ಮೂರು ನಾಲ್ಕರಲ್ಲಿ ಗುಳ್ಳೆ ಬರುತ್ತದೆ. ಚಿಪ್ಸ್‌ನ ಒಂದು ಚೂರೋ ಎಣ್ಣೆಯ ಪಸೆಯೋ ಸೀಲಿನ ನಡುವೆ ಸಿಕ್ಕಿಕೊಂಡಿರುತ್ತದೆ. ಇದರ ಜೊತೆಗೆ ಚಿಪ್ಸ್ ಬಿಸಿ ಆರುವ ಮೊದಲೇ ತುಂಬಿದರೆ ಒಳಗೆ ಹಬೆ ಕಟ್ಟುತ್ತದೆ, ಆರಿದ ಮೇಲೂ ಗಂಟೆಗಟ್ಟಲೆ ತೆರೆದಿಟ್ಟರೆ ತೇವ ಹಿಡಿಯುತ್ತದೆ. ಪಾರದರ್ಶಕ ತೆಳು ಕವರ್ ಬಿಟ್ಟು ಒಳಗೆ ಬೆಳ್ಳಿಬಣ್ಣದ ಪದರವಿರುವ ಲ್ಯಾಮಿನೇಟ್ ಪೊಟ್ಟಣ, ಗಾಳಿಯ ಬದಲು ಸಾರಜನಕ ತುಂಬುವ ಸೀಲಿಂಗ್ ಯಂತ್ರ, ಬಾಗಿಲು ಮುಚ್ಚಿದ ಒಂದು ಸಣ್ಣ ಕೋಣೆಯಲ್ಲಿ ತೇವ ತೆಗೆಯುವ ಯಂತ್ರ, ಇವು ಮೂರು ನಿಮ್ಮ ಮೊದಲ ಖರ್ಚಾಗಬೇಕು. ಬೆಂಗಳೂರಿಗೆ ಕಳಿಸಿದರೂ ಕಳಿಸದಿದ್ದರೂ ಇದು ಬೇಕು.

ಇನ್ನು ದೊಡ್ಡ ಯಂತ್ರದ ಮಾತು. ದೊಡ್ಡ ಬಾಣಲೆ ಎಂದರೆ ಒಳ್ಳೆಯ ಮಾಲು, ಕಡಿಮೆ ಖರ್ಚು ಎಂಬ ನಂಬಿಕೆ ವ್ಯಾಪಕವಾಗಿದೆ. ಯಂತ್ರ ಮಾರುವವರು ಹೇಳದ ಒಂದು ಲೆಕ್ಕವನ್ನು ಇಲ್ಲಿ ಇಡುತ್ತೇನೆ. ಕರಿಯುವ ಎಣ್ಣೆ ತಾಜಾ ಆಗಿ ಉಳಿಯುವುದು ಚಿಪ್ಸ್ ಅದನ್ನು ಹೀರಿಕೊಂಡು ಹೋಗುತ್ತಿದ್ದಂತೆ ನಾವು ಹೊಸ ಎಣ್ಣೆ ಸೇರಿಸುತ್ತ ಹೋಗುವುದರಿಂದ. ಬಾಣಲೆಯಲ್ಲಿರುವಷ್ಟೇ ಎಣ್ಣೆ ಎಂಟು ಹತ್ತು ಗಂಟೆಗಳ ಕರಿಯುವಿಕೆಯಲ್ಲಿ ಹೊಸದಾಗಿ ಸೇರಿದರೆ ಎಣ್ಣೆ ಆರೋಗ್ಯವಾಗಿರುತ್ತದೆ. 300 ಲೀಟರ್ ಹಿಡಿಯುವ ಯಂತ್ರವನ್ನು ತೆಗೆದುಕೊಳ್ಳಿ. ಚಿಪ್ಸ್‌ನ ತೂಕದಲ್ಲಿ ಸುಮಾರು ಮೂರನೇ ಒಂದು ಭಾಗ ಎಣ್ಣೆ ಎಂದು ಹಿಡಿದರೆ, ಆ 300 ಲೀಟರ್ ಒಮ್ಮೆ ಬದಲಾಗಲು 800 ಕಿಲೋಗಿಂತ ಹೆಚ್ಚು ಚಿಪ್ಸ್ ಕರಿಯಬೇಕು. ನೀವು ದಿನಕ್ಕೆ 100 ಕಿಲೋ ಕರಿದರೆ ಎಣ್ಣೆ ಬದಲಾಗಲು ಎಂಟು ದಿನ ಬೇಕು. ಆ ಎಂಟು ದಿನವೂ ಅದೇ ಎಣ್ಣೆ ಕಾಯುತ್ತದೆ, ಆರುತ್ತದೆ, ಮತ್ತೆ ಕಾಯುತ್ತದೆ. ಹಲಸಿನ ಕಾಲ ಕಳೆದು ಕೆಲಸ ದಿನಕ್ಕೆ ಎರಡು ಗಂಟೆಗೆ ಇಳಿದಾಗ ಪರಿಸ್ಥಿತಿ ಇನ್ನೂ ಕೆಟ್ಟದ್ದು. ಘಟ್ಟದ ಒಂದು ಊರಿನಲ್ಲಿ ಹೀಗೆ ದೊಡ್ಡ ಯಂತ್ರ ತಂದ ಕುಟುಂಬವೊಂದು, ಕಾಯಿ ಬದಲಿಸಿ, ಮಸಾಲೆ ಬದಲಿಸಿ, ಕೊನೆಗೆ ಕೆಲಸದವರನ್ನೂ ಬದಲಿಸಿದರೂ ಚಿಪ್ಸ್ ಮೂರೇ ವಾರಕ್ಕೆ ಕಮಟುವುದು ನಿಲ್ಲಲಿಲ್ಲ. ನಾನು ಹೋಗಿ ನೋಡಿದಾಗ ಯಂತ್ರದ ತೊಟ್ಟಿಯಲ್ಲಿದ್ದ ಎಣ್ಣೆ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತ್ತು. ಅಷ್ಟು ಎಣ್ಣೆಯನ್ನು ಚೆಲ್ಲುವ ಮನಸ್ಸು ಅವರಿಗೆ ಬಂದಿರಲಿಲ್ಲ. ಆ ಬೆಲೆಯಲ್ಲಿ ಯಾರಿಗೆ ತಾನೇ ಬರುತ್ತದೆ?

ಕಾನೂನೂ ಇಲ್ಲಿ ಇದೆ. ಕರಿಯುವ ಎಣ್ಣೆಯಲ್ಲಿ ಒಟ್ಟು ಧ್ರುವೀಯ ಸಂಯುಕ್ತಗಳು, ಅಂದರೆ ಕಾದು ಕಾದು ಎಣ್ಣೆ ಒಡೆದು ಉಂಟಾಗುವ ವಸ್ತುಗಳು, ಶೇ 25 ಮೀರಬಾರದು ಎಂಬ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಕರಿಯಲು ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆ ಬಳಸುವವರು ಅದರ ದಾಖಲೆ ಇಡಬೇಕು. ನೀವು ಬೆಳೆದರೆ ಈ ಗೆರೆಯನ್ನು ಬೇಗನೆ ದಾಟುತ್ತೀರಿ.

ಒಂದು ಕ್ಷಣ ಅತ್ತೆಯವರ ಮಾತಿಗೆ ಬರುತ್ತೇನೆ, ಏಕೆಂದರೆ ಅದು ಬರಿಯ ಭಾವನೆಯ ಮಾತಲ್ಲ. ಅವರು ಹೆಚ್ಚಿದ ಹಲಸಿನ ಸೊಳೆಯನ್ನು ಎಣ್ಣೆಗೆ ಬಿಟ್ಟಾಗ ಏಳುವ ನೊರೆ ಯಾವಾಗ ಅಡಗುತ್ತದೆ, ಸೌಟಿನಲ್ಲಿ ಆಡಿಸಿದಾಗ ಸದ್ದು ಯಾವಾಗ ಗಲಗಲ ಎನ್ನುತ್ತದೆ ಎಂದು ಗಮನಿಸಿ, ಉಪ್ಪುನೀರು ಚಿಮುಕಿಸಿ, ಮತ್ತೆ ಸದ್ದು ಅಡಗಿದ ಮೇಲೆ ತೆಗೆಯುತ್ತಾರೆ. ನೊರೆ ಅಡಗುವುದೆಂದರೆ ಸೊಳೆಯಲ್ಲಿದ್ದ ನೀರು ಹಬೆಯಾಗಿ ಮುಗಿಯಿತು ಎಂದರ್ಥ. ಅವರ ಕಿವಿ ಪ್ರತಿ ಕಾಯಿಗೂ ಬೇರೆ ಬೇರೆ ಸಮಯ ಕೊಡುತ್ತಿದೆ. ಬಲಿತ ಬಕ್ಕೆಯ (ಗಟ್ಟಿ ಸೊಳೆಯ ಹಲಸಿನ) ಕಾಯಿಗೂ, ಒಳಗೊಳಗೇ ಹಣ್ಣಾಗಲು ಹೊರಟ ಕಾಯಿಗೂ ವ್ಯತ್ಯಾಸವಿದೆ. ಎರಡನೆಯದರಲ್ಲಿ ಸಕ್ಕರೆ ಏರಿರುವುದರಿಂದ ಗರಿಗರಿಯಾಗುವ ಮೊದಲೇ ಕಂದುತ್ತದೆ. ನಿಗದಿತ ನಿಮಿಷಕ್ಕೆ ಹೊರಗೆ ತಳ್ಳುವ ಯಂತ್ರಕ್ಕೆ ಇದು ತಿಳಿಯುವುದಿಲ್ಲ. ಆದ್ದರಿಂದ ಯಂತ್ರದ ಮುಂದೆ ಕಾಯಿಯನ್ನು ಬಲಿತದ್ದರ ಮೇಲೆ ವಿಂಗಡಿಸುವ ಕೆಲಸ ಹೆಚ್ಚಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಒಂದು ಅಭ್ಯಾಸವನ್ನು ಮಾತ್ರ ಅತ್ತೆಯವರು ಬಿಡಬೇಕಾಗಬಹುದು. ಕಾದ ಎಣ್ಣೆಗೆ ಉಪ್ಪುನೀರು ಚಿಮುಕಿಸುವುದು ಮನೆಯ ಮಟ್ಟದಲ್ಲಿ ಸೊಗಸು, ರುಚಿ ಸೊಳೆಯ ಒಳಗೆ ಇಳಿಯುತ್ತದೆ. ಆದರೆ ದಿನವಿಡೀ ಅದನ್ನೇ ಮಾಡಿದರೆ ನೀರು ಎಣ್ಣೆಯನ್ನು ಒಡೆಯುತ್ತದೆ, ತೆಂಗಿನೆಣ್ಣೆಯಾದರೆ ಸಾಬೂನಿನಂಥ ರುಚಿ ಹಣಕುತ್ತದೆ. ಕರಿದ ತಕ್ಷಣ, ಇನ್ನೂ ಬಿಸಿಯಿರುವಾಗಲೇ, ನುಣ್ಣಗೆ ಪುಡಿ ಮಾಡಿದ ಉಪ್ಪನ್ನು ಉದುರಿಸುವುದು ಇದಕ್ಕೆ ಬದಲಿ. ರುಚಿ ಅಷ್ಟೇ ಬರುತ್ತದೆಯೇ ಎಂದರೆ, ಪೂರ್ತಿ ಬರುವುದಿಲ್ಲ ಎಂದು ಒಪ್ಪುತ್ತೇನೆ.

ಈಗ ಹಣದ ವಿಷಯ, ನನಗೆ ಅತಿ ಮುಖ್ಯವೆನಿಸಿದ್ದು. ತಿಂಗಳಿಗೆ 6 ಲಕ್ಷದ ಮಾಲನ್ನು 60 ದಿನದ ಸಾಲದ ಮೇಲೆ ಕಳಿಸಿದರೆ ಮೊದಲ ರೂಪಾಯಿ ಬರುವ ಹೊತ್ತಿಗೆ ನಿಮ್ಮ 12 ಲಕ್ಷದ ಮಾಲು ಅವರ ಬಳಿ ಇರುತ್ತದೆ, ಮತ್ತು ವ್ಯಾಪಾರ ನಡೆಯುವಷ್ಟು ಕಾಲವೂ ಅಷ್ಟು ಅವರ ಬಳಿಯೇ ಇರುತ್ತದೆ. ಒಂದು ರೂಪಾಯಿಯ ಮಾಲಿಗೆ ಕಾಯಿ, ಎಣ್ಣೆ, ಕೂಲಿ, ಪೊಟ್ಟಣ, ಸಾಗಣೆ ಸೇರಿ 80 ಪೈಸೆ ತಗಲುತ್ತದೆ ಎಂದು ಹಿಡಿದರೂ ನಿಮ್ಮ ಕೈಯಿಂದ 9 ಲಕ್ಷ 60 ಸಾವಿರ ಹೋಗಿರುತ್ತದೆ. ಎಣ್ಣೆ ಅಂಗಡಿಯವರು, ಹಲಸಿನ ಮರ ಗುತ್ತಿಗೆ ಕೊಡುವವರು, ಕೆಲಸದ ಹೆಂಗಸರು ಯಾರೂ 60 ದಿನ ಕಾಯುವುದಿಲ್ಲ. ಇದರ ಮೇಲೆ 35 ಲಕ್ಷದ ಸಾಲಕ್ಕೆ ಶೇ 10.5ರ ಬಡ್ಡಿಯಲ್ಲಿ ಏಳು ವರ್ಷದ ಅವಧಿ ಹಾಕಿದರೆ ತಿಂಗಳ ಕಂತು ಸುಮಾರು 59,000 ರೂಪಾಯಿ. ಕಂತು ವರ್ಷಕ್ಕೆ ಹನ್ನೆರಡು ತಿಂಗಳು; ಹಲಸಿನಕಾಯಿ ಸಿಗುವುದು ಮೂರು ನಾಲ್ಕು ತಿಂಗಳು. ಮೈದುನನವರ ಯೋಜನೆಯಲ್ಲಿ ಯಂತ್ರಕ್ಕೆ ಸಾಲವಿದೆ, ಈ ಓಡಾಡುವ ಹಣಕ್ಕೆ ಏನೂ ಇಲ್ಲ. ನಾನು ನೋಡಿದ ಮನೆಗಳು ಬಿದ್ದದ್ದು ಈ ಹಳ್ಳಕ್ಕೇ.

60 ದಿನ ಎಂಬ ಷರತ್ತನ್ನು ನೀವು ಒಪ್ಪಲೇಬೇಕೆಂದಿಲ್ಲ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಯ್ದೆಯ ಪ್ರಕಾರ, ಸೂಕ್ಷ್ಮ ಅಥವಾ ಸಣ್ಣ ಉದ್ಯಮದಿಂದ ಮಾಲು ಪಡೆದವರು ಲಿಖಿತ ಒಪ್ಪಂದವಿದ್ದರೂ ಹಣ ಕೊಡಲು 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೊಡಬೇಕು. 2024-25ರ ತೆರಿಗೆ ನಿರ್ಧಾರಣಾ ವರ್ಷದಿಂದ, ಹೀಗೆ ಸಕಾಲಕ್ಕೆ ಕೊಡದ ಹಣವನ್ನು ಕೊಡುವವರೆಗೂ ಕೊಳ್ಳುವವರು ತಮ್ಮ ಖರ್ಚಾಗಿ ತೋರಿಸುವಂತಿಲ್ಲ. ಇದರ ರಕ್ಷಣೆ ಬೇಕಾದರೆ ಸಣ್ಣ ಉದ್ಯಮಗಳಿಗೆಂದು ಕೇಂದ್ರ ಸರ್ಕಾರ ನಡೆಸುವ ಉದ್ಯಮ್ ನೋಂದಣಿ ಮಾಡಿಸಿಕೊಳ್ಳಿ, ಅದು ಉಚಿತ. ಗ್ರಾಹಕರ ಮೇಲೆ ದೂರು ಕೊಟ್ಟ ದಿನವೇ ಆ ವ್ಯಾಪಾರ ಮುಗಿಯಿತೆಂದು ತಿಳಿಯಬೇಕು, ಅದನ್ನೂ ಹೇಳಬೇಕಾದ್ದು ನನ್ನ ಕರ್ತವ್ಯ. ಆದರೆ ಮಾತುಕತೆಯ ಮೇಜಿನ ಮೇಲೆ ಈ ಕಾನೂನಿನ ಹೆಸರು ಹೇಳಿದರೆ 60 ದಿನ 45ಕ್ಕೆ ಇಳಿದದ್ದನ್ನು ನಾನು ಕಂಡಿದ್ದೇನೆ. ಅದಕ್ಕಿಂತ ಗಟ್ಟಿಯಾಗಿ ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ಮಾರಾಟವಾಗದೆ ಉಳಿದ ಮಾಲು ಯಾರದು? ವಾಪಸ್ ಕಳಿಸುವ ಷರತ್ತು ಇದ್ದರೆ ಸಾಗಣೆಯೂ ಸೇರಿ ಎಲ್ಲ ನಷ್ಟ ನಿಮ್ಮದೇ.

ಪ್ರೈವೇಟ್ ಲಿಮಿಟೆಡ್ ಆಗದೆ ಸಾಲವಿಲ್ಲ ಎಂಬುದು ಸುಳ್ಳು. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕಿರು ಆಹಾರ ಸಂಸ್ಕರಣಾ ಉದ್ಯಮಗಳ ಯೋಜನೆಯಲ್ಲಿ ಒಬ್ಬರ ಮಾಲೀಕತ್ವದ ಘಟಕಕ್ಕೂ ಶೇ 35ರ ಸಹಾಯಧನವಿತ್ತು, ಕರ್ನಾಟಕ ಸರ್ಕಾರ ತನ್ನ ಪಾಲಿನಿಂದ ಶೇ 15 ಸೇರಿಸಿತು. ರಾಜ್ಯದಲ್ಲಿ ಇದನ್ನು ನೋಡಿಕೊಳ್ಳುವುದು ಕೆಪೆಕ್, ಅಂದರೆ ಕೃಷಿ ಉತ್ಪನ್ನಗಳ ಸಂಸ್ಕರಣೆ ಮತ್ತು ರಫ್ತಿನ ರಾಜ್ಯ ನಿಗಮ. ಈ ಯೋಜನೆಯಲ್ಲಿ ಶಿವಮೊಗ್ಗ ಜಿಲ್ಲೆಗೆ ಆರಿಸಿದ ಬೆಳೆ ಅನಾನಸ್. ಆದರೂ ಬೇರೆ ತಿನಿಸುಗಳ ಘಟಕಗಳಿಗೂ ನೆರವು ಸಿಕ್ಕಿದೆ. ಈಗ ಅರ್ಜಿ ಸ್ವೀಕರಿಸುತ್ತಿದ್ದಾರೆಯೇ ಎಂದು ಶಿವಮೊಗ್ಗದ ಜಂಟಿ ಕೃಷಿ ನಿರ್ದೇಶಕರ ಕಚೇರಿಯಲ್ಲಿ ವಿಚಾರಿಸಿ. ಸಹಾಯಧನ ಕೈಗೆ ಬರುವ ನಗದಲ್ಲ, ಮೂರು ವರ್ಷ ಘಟಕ ನಡೆದ ಮೇಲೆ ಸಾಲಕ್ಕೆ ಹೊಂದಿಕೆಯಾಗುವ ಮೊತ್ತ. ಅದನ್ನೇ ನಂಬಿ ಶೆಡ್ ಕಟ್ಟಬೇಡಿ. ಅಡಮಾನವಿಲ್ಲದ ಸಾಲಕ್ಕೆ ಖಾತರಿ ಕೊಡುವ ಕೇಂದ್ರದ ಸಾಲ ಖಾತರಿ ನಿಧಿಯೂ 2000ದಿಂದ ಇದೆ. ಬ್ಯಾಂಕಿನವರು ತೋಟದ ಪಹಣಿಯನ್ನೇ ಮೊದಲು ಕೇಳುತ್ತಾರೆ, ಏಕೆಂದರೆ ಅವರಿಗೆ ಅದು ಸುಲಭ. ಖಾತರಿ ನಿಧಿಯಡಿ ಕೊಡಿ ಎಂದು ನೀವೇ ಲಿಖಿತವಾಗಿ ಕೇಳಬೇಕು.

ತೆರಿಗೆಯ ವಿಷಯ ಚಿಕ್ಕದಾಗಿ ಹೇಳುತ್ತೇನೆ. ನಿಮ್ಮ ವಾರ್ಷಿಕ ವಹಿವಾಟು ಈಗ 36 ಲಕ್ಷ; ಸರಕಿನ ವ್ಯಾಪಾರಕ್ಕೆ ಜಿಎಸ್‌ಟಿ ನೋಂದಣಿಯ ಮಿತಿ 40 ಲಕ್ಷ. ಈ ಬೇಡಿಕೆಯ ಕಾಲು ಭಾಗ ಒಪ್ಪಿದರೂ ಮಿತಿ ದಾಟುತ್ತೀರಿ. 2025ರ ಸೆಪ್ಟೆಂಬರ್ 22ರಿಂದ ಪೊಟ್ಟಣ ಕಟ್ಟಿದ ಕುರುಕಲು ತಿಂಡಿಗಳ ತೆರಿಗೆ ಶೇ 12ರಿಂದ 5ಕ್ಕೆ ಇಳಿದಿದೆ, ಹಪ್ಪಳಕ್ಕೆ ತೆರಿಗೆಯಿಲ್ಲ. ಆಹಾರ ಸುರಕ್ಷತಾ ಪರವಾನಗಿಯೂ ವಹಿವಾಟಿಗೆ ತಕ್ಕಂತೆ ಮೇಲಿನ ದರ್ಜೆಗೆ ಹೋಗಬೇಕಾಗಬಹುದು. ಹತ್ತು ಜನ ಕೆಲಸಗಾರರಾದರೆ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ, ಇಪ್ಪತ್ತಾದರೆ ಭವಿಷ್ಯನಿಧಿ. ಇವುಗಳನ್ನು ಲೆಕ್ಕಕ್ಕೆ ಹಿಡಿದೇ ದರ ಹೇಳಿ.

ದರದ ಮಾತು ಬಂದಿತು, ನಿಮ್ಮನ್ನೇ ಒಂದು ಪ್ರಶ್ನೆ ಕೇಳುತ್ತೇನೆ. ಒಂದು ಪ್ಯಾಕೆಟ್ಟಿಗೆ ಎಷ್ಟು ಖರ್ಚು ಎಂದು ಬರೆಯುವಾಗ ನಿಮ್ಮ ಕೂಲಿ, ಅತ್ತೆಯವರ ಕೂಲಿ ಹಾಕಿದ್ದೀರಾ? ನಾನು ಕೇಳಿದ ಹತ್ತು ಮನೆಗಳಲ್ಲಿ ಒಂಬತ್ತರಲ್ಲಿ ಹಾಕಿರುವುದಿಲ್ಲ. ಬೆಳಗಿನ ಐದಕ್ಕೆ ಎದ್ದು ಕೈಗೆ ಎಣ್ಣೆ ಸವರಿ ಹಲಸಿನ ಮೇಣದೊಂದಿಗೆ ಗುದ್ದಾಡುವ ಹೆಂಗಸರ ದುಡಿಮೆ ಲೆಕ್ಕದ ಪುಸ್ತಕದಲ್ಲಿ ಇಲ್ಲದೇ ಇರುವುದರಿಂದಲೇ ಚಿಪ್ಸ್‌ನಲ್ಲಿ ಲಾಭ ಕಾಣುತ್ತದೆ. ವ್ಯಾಪಾರ ಮೂರು ಪಟ್ಟಾದಾಗ ಆ ಕೆಲಸಕ್ಕೆ ಹೊರಗಿನವರು ಬರಬೇಕು, ಅವರಿಗೆ ಕೂಲಿ ಕೊಡಬೇಕು, ಆಗ ಲಾಭ ಎಲ್ಲಿ ಹೋಯಿತೆಂದು ಎಲ್ಲರೂ ಹುಡುಕುತ್ತಾರೆ.

ನಿಮ್ಮ ಘಟಕದಲ್ಲಿ ಕೆಲಸ ಮುಂದೆ ಸಾಗದೆ ನಿಲ್ಲುವುದು ಬಾಣಲೆಯ ಬಳಿ ಅಲ್ಲ, ಕಾಯಿ ಸೀಳಿ ಸೊಳೆ ಬಿಡಿಸುವ ಜಾಗದಲ್ಲಿ. ಅದಕ್ಕೆ ಒಪ್ಪುವ ಯಂತ್ರವನ್ನು ಸಣ್ಣ ಘಟಕಗಳಲ್ಲಿ ನಾನು ಕಂಡಿಲ್ಲ. ಇಲ್ಲಿ ನನಗೆ ಲಿಜ್ಜತ್ ಹಪ್ಪಳದ ದಾರಿ ನೆನಪಾಗುತ್ತದೆ. 1959ರಲ್ಲಿ ಮುಂಬೈಯಲ್ಲಿ ಏಳು ಜನ ಹೆಂಗಸರು 80 ರೂಪಾಯಿ ಸಾಲದಿಂದ ಆರಂಭಿಸಿದ ಆ ಸಂಸ್ಥೆ ಹಿಟ್ಟನ್ನು ಒಂದೇ ಕಡೆ ಕಲಸಿ, ಲಟ್ಟಿಸುವ ಕೆಲಸವನ್ನು ಸದಸ್ಯೆಯರ ಮನೆಗಳಿಗೆ ಹಂಚಿ ಬೆಳೆಯಿತು. ನೀವೂ ಸೊಳೆ ಬಿಡಿಸಿ ಹೆಚ್ಚುವುದನ್ನು ಸುತ್ತಲಿನ ಮನೆಗಳಿಗೆ ಕಿಲೋ ಲೆಕ್ಕದಲ್ಲಿ ಕೊಟ್ಟು, ಕರಿಯುವುದು ಮತ್ತು ತುಂಬುವುದನ್ನು ನಿಮ್ಮ ಕಣ್ಣ ಮುಂದೆಯೇ ಇಟ್ಟುಕೊಳ್ಳಬಹುದು. ಅಪಾಯವೂ ಇದೆ: ಒಂದು ಮನೆಯ ಅಶುಚಿ ಇಡೀ ದಿನದ ಮಾಲನ್ನು ಕೆಡಿಸಬಹುದು. ಆದ್ದರಿಂದ ಐದಾರು ಮನೆಗಳಿಂದ ಆರಂಭಿಸಿ, ಪಾತ್ರೆ ನೀವೇ ಕೊಡಿ.

ನನ್ನ ಅಭಿಪ್ರಾಯ ಸ್ಪಷ್ಟವಾಗಿ ಹೇಳಬೇಕೆಂದರೆ, ತೋಟ ಅಡವಿಡಬೇಡಿ, ಬೇಡಿಕೆಯನ್ನು ಪೂರ್ತಿ ತಿರಸ್ಕರಿಸಲೂ ಬೇಡಿ. ತಿಂಗಳಿಗೆ 2 ಲಕ್ಷದ ಮಾಲು, 30 ದಿನ, ಹೆಚ್ಚೆಂದರೆ 45 ದಿನದ ಸಾಲ, ಹಲಸಿನ ಕಾಲದಲ್ಲಿ ಹಲಸು, ಉಳಿದ ಕಾಲದಲ್ಲಿ ನೇಂದ್ರ ಬಾಳೆ ಮತ್ತು ಚಕ್ಕುಲಿ ಎಂದು ಅವರ ಮುಂದೆ ಇಡಿ. ಶಾಖ ನಿಯಂತ್ರಣವಿರುವ ಸಣ್ಣ ಬ್ಯಾಚ್ ಬಾಣಲೆಗಳು ಎರಡು ಸಾಕು. ಕೆಲಸ ಕಡಿಮೆಯಾದ ದಿನ ಒಂದನ್ನು ಹಚ್ಚದೆ ಬಿಡಬಹುದು. ಸೊಳೆಯನ್ನು ಶೀತಲೀಕರಿಸಿ ಇಟ್ಟು ವರ್ಷವಿಡೀ ಕರಿಯುವ ದಾರಿಯೂ ಇದೆ, ಆದರೆ ಗಾಳಿಮಳೆಗೆ ಮರ ಬಿದ್ದು ಎರಡು ಮೂರು ದಿನ ವಿದ್ಯುತ್ ಇಲ್ಲದಿರುವ ಊರಿನಲ್ಲಿ ಜನರೇಟರ್ ಇಲ್ಲದೆ ಆ ಸಾಹಸ ಬೇಡ. ಸರಣಿಯವರು ಸಣ್ಣ ಪ್ರಮಾಣಕ್ಕೆ ಒಪ್ಪದೆ ಬೇರೆಯವರ ಬಳಿ ಹೋಗಬಹುದು, ಆ ನಷ್ಟವನ್ನು ತಿಳಿದೇ ಈ ಮಾತು ಹೇಳುತ್ತಿದ್ದೇನೆ. ಶಿವಮೊಗ್ಗ, ತೀರ್ಥಹಳ್ಳಿ, ಶಿರಸಿಯ ಅಂಗಡಿಗಳು ವಾರಕ್ಕೆ ಹಣ ಕೊಡುತ್ತವೆ. ಅಲ್ಲಿ ಮೂರು ವರ್ಷದಲ್ಲಿ ದುಪ್ಪಟ್ಟಾಗುವುದು ಸಣ್ಣ ಬೆಳವಣಿಗೆಯಲ್ಲ.

ಇನ್ನೊಂದು ವಿಷಯ ನೀವು ಕೇಳಿಲ್ಲ, ನಾನು ಬಿಡಲಾರೆ. ಈ ವ್ಯಾಪಾರ ಯಾರದು? ಪರವಾನಗಿ ಬಹುಶಃ ಅತ್ತೆಯವರ ಹೆಸರಿನಲ್ಲಿರುತ್ತದೆ, ತೋಟ ಅಣ್ಣತಮ್ಮಂದಿರಿಬ್ಬರದು, ಸಾಲಕ್ಕೆ ಮೈದುನನ ಸಹಿ, ದುಡಿಮೆ ನಿಮ್ಮದು. ಬಿಕಾನೇರ್‌ನಲ್ಲಿ 1937ರಲ್ಲಿ ಒಂದು ಅಂಗಡಿಯಾಗಿ ಆರಂಭವಾದ ಹಲ್ದಿರಾಮ್ ಮನೆತನದ ಕವಲುಗಳು ಆ ಹೆಸರನ್ನು ಯಾರು ಎಲ್ಲಿ ಬಳಸಬೇಕೆಂದು ದಶಕಗಳ ಕಾಲ ನ್ಯಾಯಾಲಯದಲ್ಲಿ ಹೋರಾಡಿದವು. ನಿಮ್ಮ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಊಟ ಮಾಡುತ್ತಿರುವ ಈ ಕಾಲದಲ್ಲೇ ಪಾಲುದಾರಿಕೆ ಪತ್ರ ಬರೆಸಿ, ನಿಮ್ಮ ಹೆಸರನ್ನೂ ಅತ್ತೆಯವರ ಹೆಸರನ್ನೂ ಅದರಲ್ಲಿ ಸೇರಿಸಿ, ಪ್ಯಾಕೆಟ್ಟಿನ ಮೇಲಿನ ಹೆಸರನ್ನು ಸಂಸ್ಥೆಯ ಹೆಸರಿನಲ್ಲಿ ಟ್ರೇಡ್‌ಮಾರ್ಕ್ ಮಾಡಿಸಿ. ಪಾಲುದಾರಿಕೆಯಲ್ಲಿ ಸಾಲದ ಹೊಣೆ ಪಾಲುದಾರರ ಸ್ವಂತ ಆಸ್ತಿಯವರೆಗೂ ಬರುತ್ತದೆ. ಅದು ಬೇಡವಾದರೆ ಸೀಮಿತ ಹೊಣೆಯ ಪಾಲುದಾರಿಕೆ ಮಾಡಬಹುದು, ಅದರ ವಾರ್ಷಿಕ ಲೆಕ್ಕಪತ್ರದ ಖರ್ಚು ಸ್ವಲ್ಪ ಹೆಚ್ಚು.

ಮುಂದಿನ ಹಲಸಿನ ಕಾಲ ಬರುತ್ತಿದ್ದಂತೆ ಒಂದು ಕೆಲಸವನ್ನು ತಪ್ಪದೆ ಮಾಡಿ. ಅತ್ತೆಯವರು ಕರಿಯುವಾಗ ಪಕ್ಕದಲ್ಲಿ ಕುಳಿತು, ಎಣ್ಣೆಯ ಶಾಖ ಅಳೆಯುವ ಕಡ್ಡಿಯನ್ನು ಬಾಣಲೆಗೆ ಇಟ್ಟು, ಸೊಳೆ ಬಿಟ್ಟಾಗ ಎಷ್ಟಿತ್ತು, ನೊರೆ ಅಡಗಿದಾಗ ಎಷ್ಟಾಯಿತು, ತೆಗೆಯಲು ಎಷ್ಟು ನಿಮಿಷ ಹಿಡಿಯಿತು, ಕಾಯಿ ಯಾವ ಮರದ್ದು, ಎಷ್ಟು ಬಲಿತಿತ್ತು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಪ್ರತಿ ಬಾಣಲೆಯಿಂದ ಎರಡು ಪ್ಯಾಕೆಟ್ ತೆಗೆದಿಟ್ಟು ತಿಂಗಳಿಗೊಮ್ಮೆ ಒಡೆದು ರುಚಿ ನೋಡಿ ಅದನ್ನೂ ಬರೆಯಿರಿ. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯಲ್ಲಾಗಲಿ, ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದಲ್ಲಾಗಲಿ ತಜ್ಞರನ್ನು ಕಾಣಲು ಹೋಗುವಾಗ ಆ ನೋಟ್‌ಬುಕ್ಕನ್ನು ಜೊತೆಗೆ ಒಯ್ಯಿರಿ.